ಮಿತವ್ಯಯದಲ್ಲಿ ದೇಶ ಪ್ರವಾಸ: ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಸಾರ್ವಜನಿಕರಿಗೆ ಉಪಯುಕ್ತ ಮಾಹಿತಿ

ಪೀಠಿಕೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವುದಕ್ಕೆ ಇಂದು ಗ್ರಂಥಾಲಯಗಳ ನೆರವಿದೆ. ಆದರೆ ದೇಶ ಸುತ್ತುವುದೆಂದರೆ ಉಳ್ಳವರ ಬಾಬ್ತು ಎಂಬ ಭಾವನೆ ಸಣ್ಣ ಹಿಡುವಳಿದಾರರು, ಕೃಷಿ ಕಾರ್ಮಿಕರು, ಗಾರ್ಮೆಂಟ್ಸ್ ನೌಕರರು ಹಾಗೂ ಸಣ್ಣ ವ್ಯಾಪಾರಿಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಇದರ ಪರಿಣಾಮ ಎರಡು ಬಗೆಯದು. ಕೆಲವು ಕುಟುಂಬಗಳು ಜೀವಮಾನದಲ್ಲಿ ಒಮ್ಮೆಯೂ ಜಿಲ್ಲೆಯ ಗಡಿ ದಾಟುವುದಿಲ್ಲ. ಇನ್ನು ಕೆಲವು ಕುಟುಂಬಗಳು ಹರಕೆ ತೀರಿಸಲು ಅಥವಾ ಮಕ್ಕಳ ಆಸೆ ಪೂರೈಸಲು ಕೈಸಾಲ ಮಾಡಿ ಪ್ರವಾಸ ಹೋಗುತ್ತವೆ. ಪ್ರವಾಸ ನಾಲ್ಕು ದಿನದಲ್ಲಿ ಮುಗಿದರೂ ಬಡ್ಡಿ ವರ್ಷವಿಡೀ ಮುಂದುವರೆಯುತ್ತದೆ.

ಇವೆರಡೂ ಅನಿವಾರ್ಯವಲ್ಲ. ಮುಂಚಿತವಾಗಿ ಯೋಜನೆ ರೂಪಿಸಿಕೊಂಡು, ಲಭ್ಯವಿರುವ ರಿಯಾಯಿತಿಗಳನ್ನು ಅರಿತು, ಖರ್ಚಿನ ಲೆಕ್ಕವನ್ನು ಹೊರಡುವ ಮೊದಲೇ ಬರೆದುಕೊಂಡಲ್ಲಿ ಸಾಮಾನ್ಯ ಆದಾಯದ ಕುಟುಂಬವೂ ಸಾಲವಿಲ್ಲದೆ ದೇಶ ನೋಡಲು ಸಾಧ್ಯವಿದೆ. ಈ ದಿಸೆಯಲ್ಲಿ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ನಿವಾಸಿಗಳಿಗೆ ಅನುಕೂಲವಾಗುವ ವಿಷಯಗಳನ್ನು ಈ ಕೆಳಗೆ ಕ್ರಮವಾಗಿ ವಿವರಿಸಲಾಗಿದೆ.

1. ಖರ್ಚಿನ ಸ್ವರೂಪವನ್ನು ಅರಿಯುವುದು

ಯಾವುದೇ ಪ್ರವಾಸದ ಖರ್ಚನ್ನು ನಾಲ್ಕು ಬಾಬ್ತುಗಳಾಗಿ ವಿಂಗಡಿಸಬಹುದು: ಪ್ರಯಾಣ, ವಸತಿ, ಊಟೋಪಚಾರ ಹಾಗೂ ಇತರೆ. ಇವುಗಳ ಪೈಕಿ ಪ್ರಯಾಣದ ಖರ್ಚು ಬಹುಮಟ್ಟಿಗೆ ನಿಶ್ಚಿತವಾದುದು. ಟಿಕೆಟ್ ಕೊಂಡ ನಂತರ ಅದು ಬದಲಾಗದು. ವಸತಿಯ ಖರ್ಚು ತಂಗುವ ರಾತ್ರಿಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಊಟದ ಖರ್ಚು ತಲೆಗೆ ಇಷ್ಟು ಎಂದು ಏರುತ್ತದೆ. ಆಟೋ ಬಾಡಿಗೆ, ಆಟಿಕೆ, ತಂಪುಪಾನೀಯ, ಛಾಯಾಚಿತ್ರ, ಕಾಣಿಕೆ ಮುಂತಾದ ಇತರೆ ಖರ್ಚುಗಳು ಚಿಕ್ಕದಾಗಿ ಕಂಡರೂ ಲೆಕ್ಕ ತಪ್ಪಿಸುವುದು ಸಾಮಾನ್ಯವಾಗಿ ಇವುಗಳೇ. ಆದ್ದರಿಂದ ಒಟ್ಟು ಅಂದಾಜಿನ ಹತ್ತನೆಯ ಒಂದು ಭಾಗವನ್ನು ಇತರೆ ಖರ್ಚಿಗೆಂದು, ಮತ್ತೊಂದು ಹತ್ತನೆಯ ಭಾಗವನ್ನು ತುರ್ತು ಖರ್ಚಿಗೆಂದು ಪ್ರತ್ಯೇಕವಾಗಿ ತೆಗೆದಿಡುವುದು ಸೂಕ್ತ.

ಸಾಲ ಮಾಡಿ ಹೋಗುವುದಕ್ಕೂ ಕೂಡಿಟ್ಟು ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕುಟುಂಬವೊಂದು ರೂ. 20,000 ಕೈಸಾಲವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಪಡೆದಿದೆ ಎಂದು ಭಾವಿಸೋಣ. ತಿಂಗಳ ಬಡ್ಡಿ ರೂ. 600. ಒಂದು ವರ್ಷ ಅಸಲು ತೀರದಿದ್ದಲ್ಲಿ ಬಡ್ಡಿಯೊಂದೇ ರೂ. 7,200 ಆಗುತ್ತದೆ, ಅಂದರೆ ರೂ. 20,000ದ ಪ್ರವಾಸಕ್ಕೆ ರೂ. 27,200 ತೆತ್ತಂತಾಗುತ್ತದೆ. ಇದಕ್ಕೆ ಬದಲಾಗಿ ತಿಂಗಳಿಗೆ ರೂ. 1,700ರಂತೆ 12 ತಿಂಗಳು ಬ್ಯಾಂಕಿನ ಆವರ್ತ ಠೇವಣಿಯಲ್ಲಿ ತೊಡಗಿಸಿದಲ್ಲಿ ಅಸಲೇ ರೂ. 20,400 ಆಗಿ, ಅದರ ಮೇಲೆ ಬಡ್ಡಿಯೂ ದೊರೆಯುತ್ತದೆ. ಒಂದು ವರ್ಷ ಕಾಯುವುದೊಂದೇ ಇದರಲ್ಲಿರುವ ಕಷ್ಟ. ಸ್ವಸಹಾಯ ಸಂಘಗಳ ಸದಸ್ಯರು ವಾರದ ಉಳಿತಾಯದ ಜೊತೆಗೆ ಪ್ರವಾಸಕ್ಕೆಂದೇ ಸಣ್ಣ ಮೊತ್ತವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವುದೂ ಉತ್ತಮ ಪದ್ಧತಿಯಾಗಿದೆ. ಸಂಘದಿಂದ ಬೇಸಾಯಕ್ಕೆ ಅಥವಾ ಹೈನುಗಾರಿಕೆಗೆ ಪಡೆದ ಸಾಲವನ್ನು ಪ್ರವಾಸಕ್ಕೆ ಬಳಸುವುದು ಎಂದಿಗೂ ಸಲ್ಲದು.

2. ಕಾಲದ ಆಯ್ಕೆ

ಒಂದೇ ಸ್ಥಳಕ್ಕೆ ಬೇರೆ ಬೇರೆ ಕಾಲದಲ್ಲಿ ತಗಲುವ ಖರ್ಚು ಬೇರೆಯಾಗಿರುತ್ತದೆ. ದಸರಾ ಸಮಯದಲ್ಲಿ ಮೈಸೂರಿನಲ್ಲಿ, ವೈರಮುಡಿ ಉತ್ಸವದ ಸಮಯದಲ್ಲಿ ಮೇಲುಕೋಟೆಯಲ್ಲಿ, ಡಿಸೆಂಬರ್ ಕೊನೆಯ ವಾರದಲ್ಲಿ ಬಹುತೇಕ ಎಲ್ಲ ಪ್ರವಾಸಿ ತಾಣಗಳಲ್ಲಿ ಕೊಠಡಿ ಬಾಡಿಗೆ ಹೆಚ್ಚಿರುತ್ತದೆ ಮತ್ತು ಕೊಠಡಿ ದೊರೆಯುವುದೂ ಕಷ್ಟ. ಭತ್ತದ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ನಂತರ ಯುಗಾದಿಯವರೆಗಿನ ಅವಧಿ ಅನೇಕ ರೈತ ಕುಟುಂಬಗಳಿಗೆ ತುಸು ಬಿಡುವಿನ ಕಾಲ. ಶಾಲೆಗೆ ಹೋಗುವ ಮಕ್ಕಳಿಲ್ಲದ ಕುಟುಂಬಗಳು ಹಾಗೂ ಹಿರಿಯರು ಈ ಅವಧಿಯಲ್ಲಿ ವಾರದ ನಡುವಿನ ದಿನಗಳನ್ನು ಆರಿಸಿಕೊಂಡಲ್ಲಿ ಜನಸಂದಣಿಯೂ ಖರ್ಚೂ ಎರಡೂ ಕಡಿಮೆಯಾಗುತ್ತವೆ.

3. ಬಸ್ ಪ್ರಯಾಣದ ಸೌಲಭ್ಯಗಳು

ಮಹಿಳೆಯರಿಗೆ: ರಾಜ್ಯ ಸರ್ಕಾರದ ಶಕ್ತಿ ಯೋಜನೆಯು 2023ರ ಜೂನ್ 11ರಂದು ಜಾರಿಗೆ ಬಂದಿದ್ದು, ಕರ್ನಾಟಕದ ನಿವಾಸಿಗಳಾದ ಮಹಿಳೆಯರು, ವಿದ್ಯಾರ್ಥಿನಿಯರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿಯನ್ನು ತೋರಿಸಿ ನಿರ್ವಾಹಕರಿಂದ ಶೂನ್ಯ ಮೊತ್ತದ ಟಿಕೆಟ್ ಪಡೆಯತಕ್ಕದ್ದು. ರಾಜಹಂಸ, ಐರಾವತ, ಸ್ಲೀಪರ್, ಹವಾನಿಯಂತ್ರಿತ ಮುಂತಾದ ಐಷಾರಾಮಿ ಬಸ್ಸುಗಳಿಗೆ ಹಾಗೂ ಅಂತರರಾಜ್ಯ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ.

ಹಿರಿಯ ನಾಗರಿಕರಿಗೆ: 60 ವರ್ಷ ದಾಟಿದ ಕರ್ನಾಟಕದ ನಿವಾಸಿಗಳಿಗೆ ವಯಸ್ಸಿನ ದಾಖಲೆಯ ಮೇರೆಗೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಶೇ. 25ರಷ್ಟು ರಿಯಾಯಿತಿ ಇದೆ. ಶಕ್ತಿ ಯೋಜನೆಯ ಪ್ರಯೋಜನವಿಲ್ಲದ ವಯಸ್ಸಾದ ಪುರುಷರು ಈ ರಿಯಾಯಿತಿಯನ್ನು ಕೇಳಿ ಪಡೆಯಬೇಕು. ಕೇಳದಿದ್ದಲ್ಲಿ ಪೂರ್ಣ ದರದ ಟಿಕೆಟ್ ನೀಡುವ ಸಂಭವವಿರುತ್ತದೆ.

ಮಕ್ಕಳಿಗೆ: 6 ವರ್ಷದೊಳಗಿನ ಮಕ್ಕಳಿಗೆ ಉಚಿತ, 6ರಿಂದ 12 ವರ್ಷದವರೆಗೆ ಅರ್ಧ ದರ.

ಮುಂಗಡ ಕಾಯ್ದಿರಿಸುವವರಿಗೆ: ಕೆ.ಎಸ್.ಆರ್.ಟಿ.ಸಿ.ಯ ಮುಂಗಡ ಆಸನ ಸೌಲಭ್ಯವಿರುವ ಬಸ್ಸುಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಿದರೆ ಶೇ. 5, ಹೋಗಿಬರುವ ಟಿಕೆಟ್‌ಗಳನ್ನು ಒಟ್ಟಿಗೆ ಪಡೆದರೆ ವಾಪಸು ಪ್ರಯಾಣದ ಮೇಲೆ ಶೇ. 10 ರಿಯಾಯಿತಿಯನ್ನು ನಿಗಮ ಪ್ರಕಟಿಸುತ್ತಾ ಬಂದಿದೆ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ನಂತರ ತಡೆರಹಿತ ಬಸ್ಸುಗಳು ಮದ್ದೂರು, ಮಂಡ್ಯ ಪಟ್ಟಣಗಳ ಒಳಗೆ ಬಾರದೆ ಬೈಪಾಸ್ ಮೂಲಕ ಸಾಗುವುದುಂಟು. ಹತ್ತುವ ಮೊದಲು "ಊರೊಳಗೆ ಹೋಗುತ್ತದೆಯೇ" ಎಂದು ವಿಚಾರಿಸಿಕೊಳ್ಳಬೇಕು. ಇಲ್ಲವಾದಲ್ಲಿ ಉಳಿಸಿದ ಅರ್ಧ ಗಂಟೆಗೆ ಆಟೋ ಬಾಡಿಗೆಯ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ ಹಾಗೂ ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಗಿದ್ದು, ಇಂತಹ ವಾಹನಗಳವರು ಸೇವಾ ರಸ್ತೆಯನ್ನೇ ಬಳಸತಕ್ಕದ್ದು.

ಬೆಂಗಳೂರು ನೋಡಲು ಹೋಗುವವರು ಕೆಂಗೇರಿಯಲ್ಲಿ ಇಳಿದು ಮೆಟ್ರೊ ರೈಲನ್ನು ಹಿಡಿಯಬಹುದು. ಇದರಿಂದ ಮೈಸೂರು ರಸ್ತೆಯ ವಾಹನ ದಟ್ಟಣೆ ತಪ್ಪುತ್ತದೆ. ನಗರದಲ್ಲಿ ಹಲವು ಸ್ಥಳಗಳನ್ನು ನೋಡುವುದಿದ್ದರೆ ಬಿ.ಎಂ.ಟಿ.ಸಿ.ಯ ದಿನದ ಪಾಸ್ ಲಾಭದಾಯಕ.

4. ರೈಲು ಪ್ರಯಾಣದ ಸೌಲಭ್ಯಗಳು

ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ಜೋಡಿ ಮಾರ್ಗದ ಮೇಲಿರುವ ನಿಲ್ದಾಣಗಳು. ಮಳವಳ್ಳಿಯಲ್ಲಿ ರೈಲು ನಿಲ್ದಾಣವಿಲ್ಲ. ಆ ತಾಲ್ಲೂಕಿನವರು ಬಸ್ಸಿನಲ್ಲಿ ಮದ್ದೂರಿಗೆ ಅಥವಾ ಮಂಡ್ಯಕ್ಕೆ ಬಂದು ರೈಲು ಹಿಡಿಯಬೇಕಾಗುತ್ತದೆ.

ರೈಲುಗಳಲ್ಲಿ ಸಾಮಾನ್ಯ ಪ್ಯಾಸೆಂಜರ್ ಹಾಗೂ ಮೆಮು ರೈಲುಗಳ ದರ ಅತ್ಯಂತ ಕಡಿಮೆ. ಕೋವಿಡ್ ಅವಧಿಯಲ್ಲಿ ಇವುಗಳಿಗೂ ಎಕ್ಸ್‌ಪ್ರೆಸ್ ದರ ವಿಧಿಸಿ ಕನಿಷ್ಠ ದರವನ್ನು ರೂ. 30ಕ್ಕೆ ಏರಿಸಲಾಗಿತ್ತು. 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿ ಬಂದು ಕನಿಷ್ಠ ದರ ರೂ. 10 ಆಯಿತು. ಎಕ್ಸ್‌ಪ್ರೆಸ್ ರೈಲಿನ ಕಾಯ್ದಿರಿಸದ ಬೋಗಿಗೆ ಎಕ್ಸ್‌ಪ್ರೆಸ್ ದರದ ಟಿಕೆಟನ್ನೇ ಪಡೆಯಬೇಕು. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದವರು ದಂಡ ತೆರಬೇಕಾಗುತ್ತದೆ.

5 ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ. 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಅಥವಾ ಬರ್ತ್ ಕೇಳದಿದ್ದಲ್ಲಿ ಅರ್ಧ ದರ. ಕೇಳಿದಲ್ಲಿ ಪೂರ್ಣ ದರ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಗಿದೆ ಎಂಬುದನ್ನು ಗಮನಿಸಬೇಕು. ಅಂಗವಿಕಲರು, ನಿಗದಿತ ಕಾಯಿಲೆಗಳ ರೋಗಿಗಳು ಹಾಗೂ ವಿದ್ಯಾರ್ಥಿಗಳ ಕೆಲವು ವರ್ಗಗಳಿಗೆ ರಿಯಾಯಿತಿ ಮುಂದುವರೆದಿದೆ.

ದೂರ ಪ್ರಯಾಣದಲ್ಲಿ ಉಳಿತಾಯಕ್ಕೆ ಅನುಕೂಲವಾಗುವ ನಿಯಮಗಳು ಹೀಗಿವೆ:

(ಅ) ರೈಲು ದರವು ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಒಂದೇ ದಿಕ್ಕಿನ ದೂರ ಪ್ರಯಾಣವನ್ನು ಎರಡು ಮೂರು ತುಂಡು ಟಿಕೆಟ್‌ಗಳಲ್ಲಿ ಮಾಡುವುದಕ್ಕಿಂತ ಒಂದೇ ಟಿಕೆಟ್‌ನಲ್ಲಿ ಮಾಡುವುದು ಸಾಮಾನ್ಯವಾಗಿ ಅಗ್ಗ.

(ಆ) 500 ಕಿ.ಮೀ.ಗಿಂತ ಹೆಚ್ಚು ದೂರದ ಟಿಕೆಟ್‌ನಲ್ಲಿ ಒಮ್ಮೆ, 1,000 ಕಿ.ಮೀ.ಗಿಂತ ಹೆಚ್ಚಿದ್ದರೆ ಎರಡು ಬಾರಿ ಮಾರ್ಗಮಧ್ಯೆ ಇಳಿದು ತಂಗಲು ಅವಕಾಶವಿದೆ. ಮೊದಲ ನಿಲುಗಡೆ 500 ಕಿ.ಮೀ. ಕ್ರಮಿಸಿದ ಮೇಲೆಯೇ ಆಗಬೇಕು. ಇಳಿಯುವ ಮತ್ತು ಹೊರಡುವ ದಿನಗಳನ್ನು ಬಿಟ್ಟು ಗರಿಷ್ಠ 2 ದಿನ ತಂಗಬಹುದು. ಇಳಿದ ನಿಲ್ದಾಣದಲ್ಲಿ ಅಧಿಕಾರಿಗಳಿಂದ ಟಿಕೆಟ್‌ನ ಮೇಲೆ ಷರಾ ಬರೆಸಿಕೊಳ್ಳತಕ್ಕದ್ದು. ಈ ಉದ್ದೇಶಕ್ಕೆ ಕೌಂಟರ್‌ನಲ್ಲಿಯೇ ಟಿಕೆಟ್ ಪಡೆದು ಮುಂದಿನ ಹಂತದ ಆಸನದ ಬಗ್ಗೆ ಅಲ್ಲಿಯೇ ವಿಚಾರಿಸುವುದು ಸೂಕ್ತ. ರಾಜಧಾನಿ, ಶತಾಬ್ದಿ, ಜನಶತಾಬ್ದಿ ರೈಲುಗಳಿಗೆ ಇದು ಅನ್ವಯಿಸುವುದಿಲ್ಲ.

(ಇ) ಹೊರಟ ನಿಲ್ದಾಣಕ್ಕೇ ಮರಳುವಂತೆ ಹಲವು ಊರುಗಳನ್ನು ಸುತ್ತಿ ಬರುವವರಿಗೆ ವರ್ತುಲ ಪ್ರಯಾಣದ ಟಿಕೆಟ್ ಲಭ್ಯ. ಇದರಲ್ಲಿ ಗರಿಷ್ಠ 8 ನಿಲುಗಡೆಗಳಿಗೆ ಅವಕಾಶವಿದೆ. ನೋಡಬೇಕಾದ ಸ್ಥಳಗಳ ಪಟ್ಟಿಯೊಂದಿಗೆ ರೈಲ್ವೆಯ ವಿಭಾಗೀಯ ಕಚೇರಿಯ ವಾಣಿಜ್ಯ ಶಾಖೆಗೆ ಅಥವಾ ದೊಡ್ಡ ನಿಲ್ದಾಣದ ವ್ಯವಸ್ಥಾಪಕರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

(ಈ) ಆಸನ ಕಾಯ್ದಿರಿಸುವ ಮುಂಗಡ ಅವಧಿಯು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ದಿನಾಂಕ ಗೊತ್ತಾದ ಕೂಡಲೇ ಕಾಯ್ದಿರಿಸಿದಲ್ಲಿ ತತ್ಕಾಲ್ ಹೆಚ್ಚುವರಿ ಶುಲ್ಕ ಉಳಿಯುತ್ತದೆ. 2025ರ ಜುಲೈ 1ರಿಂದ ಆನ್‌ಲೈನ್‌ನಲ್ಲಿ ತತ್ಕಾಲ್ ಟಿಕೆಟ್ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಗಿದೆ.

(ಉ) ಕೌಂಟರ್‌ನಲ್ಲಿ ಪಡೆಯುವ ಟಿಕೆಟ್‌ಗೆ ಆನ್‌ಲೈನ್‌ನ ಅನುಕೂಲ ಶುಲ್ಕ ಇರುವುದಿಲ್ಲ. ಆದರೆ ಟಿಕೆಟ್ ಪಡೆಯಲೆಂದೇ ಹಳ್ಳಿಯಿಂದ ಮಂಡ್ಯಕ್ಕೆ ಬಂದು ಹೋಗುವ ಬಸ್ ದರ ಆ ಶುಲ್ಕಕ್ಕಿಂತ ಹೆಚ್ಚಾಗುವುದಾದರೆ ಆನ್‌ಲೈನ್ ಟಿಕೆಟ್ಟೇ ಲಾಭ.

(ಊ) ರಾತ್ರಿ ಪ್ರಯಾಣದಿಂದ ಒಂದು ರಾತ್ರಿಯ ಕೊಠಡಿ ಬಾಡಿಗೆ ಉಳಿಯುತ್ತದೆ. ಮೈಸೂರಿನಿಂದ ಮಂಡ್ಯ, ಬೆಂಗಳೂರು ಮಾರ್ಗವಾಗಿ ಸಾಗುವ ಹಂಪಿ ಎಕ್ಸ್‌ಪ್ರೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸಂಜೆ ಹೊರಟು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಅಲ್ಲಿಂದ ಸಾರಿಗೆ ಬಸ್ಸಿನಲ್ಲಿ ಹಂಪಿ ತಲುಪಬಹುದು.

5. ಬಸ್ಸೋ ರೈಲೋ: ಒಂದು ಲೆಕ್ಕ

ರೈಲು ಯಾವಾಗಲೂ ಅಗ್ಗ ಎಂಬ ನಂಬಿಕೆ ಇದೆ. ಶಕ್ತಿ ಯೋಜನೆಯ ನಂತರ ರಾಜ್ಯದೊಳಗಿನ ಪ್ರಯಾಣದಲ್ಲಿ ಈ ಲೆಕ್ಕ ಬದಲಾಗಿದೆ. ಗಂಡ, ಹೆಂಡತಿ, 65 ವರ್ಷದ ತಾಯಿ ಮತ್ತು 10 ವರ್ಷದ ಮಗ ಇರುವ ಕುಟುಂಬವನ್ನು ತೆಗೆದುಕೊಳ್ಳೋಣ. ಬಸ್ ದರ ತಲಾ ರೂ. 100 ಎಂದು ಭಾವಿಸಿದರೆ, ಹೆಂಡತಿ ಮತ್ತು ತಾಯಿಗೆ ಶೂನ್ಯ, ಗಂಡನಿಗೆ ರೂ. 100, ಮಗನಿಗೆ ರೂ. 50, ಒಟ್ಟು ರೂ. 150. ರೈಲಿನಲ್ಲಾದರೆ ಮೂರು ಪೂರ್ಣ ಮತ್ತು ಒಂದು ಅರ್ಧ ಟಿಕೆಟ್ ಬೇಕು. ರೈಲು ದರ ತಲಾ ರೂ. 40 ಇದ್ದರೆ ಒಟ್ಟು ರೂ. 140 ಆಗಿ ರೈಲು ಅಗ್ಗ. ಆದರೆ ತಲಾ ರೂ. 50 ಇದ್ದರೆ ಒಟ್ಟು ರೂ. 175 ಆಗಿ ಬಸ್ಸೇ ಅಗ್ಗವಾಗುತ್ತದೆ. ಮಗನ ಬದಲು ಮಗಳಿದ್ದರೆ ಬಸ್ಸಿನ ಖರ್ಚು ರೂ. 100ಕ್ಕೆ ಇಳಿಯುತ್ತದೆ. ಮೂವರು ಗಂಡಸರು ಹೊರಟಲ್ಲಿ ಬಸ್ಸಿಗೆ ರೂ. 300, ರೈಲಿಗೆ ರೂ. 120 ಅಥವಾ 150. ಅಲ್ಲಿ ಅನುಮಾನವಿಲ್ಲದೆ ರೈಲೇ ಅಗ್ಗ. ಮೇಲಿನ ದರಗಳು ವಿವರಣೆಗಾಗಿ ಮಾತ್ರ. ಪ್ರತಿ ಕುಟುಂಬವೂ ತನ್ನ ಸದಸ್ಯರನ್ನು ಇದೇ ರೀತಿ ಲೆಕ್ಕ ಹಾಕಿ ನಿರ್ಧರಿಸಬೇಕು.

ರಾಜ್ಯದ ಗಡಿ ದಾಟುವ ಪ್ರಯಾಣಕ್ಕೆ ಶಕ್ತಿ ಯೋಜನೆ ಅನ್ವಯಿಸದ ಕಾರಣ ಅಲ್ಲಿ ರೈಲಿನ ಸ್ಲೀಪರ್ ದರ್ಜೆಯೇ ಸಾಮಾನ್ಯವಾಗಿ ಮಿತವ್ಯಯದ ಮಾರ್ಗ.

6. ಬಾಡಿಗೆ ವಾಹನದಲ್ಲಿ ಗುಂಪು ಪ್ರವಾಸ

ಹಳ್ಳಿಗಳಲ್ಲಿ ಹದಿನೈದು ಇಪ್ಪತ್ತು ಜನ ಸೇರಿ ಮಿನಿ ಬಸ್ ಅಥವಾ ಟೆಂಪೊ ಮಾಡಿಕೊಂಡು ಹೋಗುವುದು ವಾಡಿಕೆ. ಎಲ್ಲ ಆಸನಗಳೂ ಭರ್ತಿಯಾದಲ್ಲಿ ಇದು ಅಗ್ಗವೇ. ಆದರೆ ಒಪ್ಪಂದದ ಸಮಯದಲ್ಲಿ ಈ ಅಂಶಗಳನ್ನು ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು: ಕಿಲೋಮೀಟರಿಗೆ ದರ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿಗೆ ಹಣ ಕೊಡಬೇಕು, ಚಾಲಕರ ಬಾಟಾ, ಟೋಲ್ ಮತ್ತು ವಾಹನ ನಿಲುಗಡೆ ಶುಲ್ಕ ಯಾರದು, ಹೊರ ರಾಜ್ಯದ ತೆರಿಗೆ ಯಾರದು, ವಾಹನ ಕೆಟ್ಟಲ್ಲಿ ಬದಲಿ ವ್ಯವಸ್ಥೆ ಏನು. ದರ ಕಡಿಮೆ ಎಂಬ ಕಾರಣಕ್ಕೆ ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆಯಬಾರದು; ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರಕ್ಕೆ ತೊಡಕಾಗುತ್ತದೆ. ಆಸನಗಳ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಮೃತಪಟ್ಟರು. ವಾಹನದ ಸುಸ್ಥಿತಿ ಮತ್ತು ಚಾಲಕರ ವಿಶ್ರಾಂತಿಯ ವಿಷಯದಲ್ಲಿ ಉಳಿತಾಯಕ್ಕೆ ಸ್ಥಾನವಿಲ್ಲ.

ಸ್ವಂತ ಕಾರಿನಲ್ಲಿ ಹೋಗುವವರು ಇಂಧನ, ಟೋಲ್ ಹಾಗೂ ನಿಲುಗಡೆ ಶುಲ್ಕಗಳನ್ನು ಕೂಡಿಸಿ ಜನರ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 300 ಕಿ.ಮೀ. ಪ್ರಯಾಣದಲ್ಲಿ 20 ಲೀಟರ್ ಇಂಧನ ಬೇಕು. ಇಬ್ಬರು ಹೋದಾಗ ದುಬಾರಿಯಾಗುವ ಈ ಖರ್ಚು ನಾಲ್ವರು ಹೋದಾಗ ಅರ್ಧಕ್ಕಿಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಪದೇ ಪದೇ ಸಂಚರಿಸುವ ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ.

7. ವಸತಿ

ಮೊದಲನೆಯ ಆಯ್ಕೆ ದೇವಸ್ಥಾನ, ಮಠ ಹಾಗೂ ಛತ್ರಗಳು. ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಮಲೆ ಮಹದೇಶ್ವರ ಬೆಟ್ಟ ಮುಂತಾದ ಕ್ಷೇತ್ರಗಳಲ್ಲಿ ಯಾತ್ರಿಕರಿಗೆ ಕಡಿಮೆ ದರದ ವಸತಿ ಗೃಹಗಳಿವೆ. ರಾಜ್ಯದ ಹೊರಗೆ ತಿರುಮಲ, ಮಂತ್ರಾಲಯ, ಶ್ರೀಶೈಲ, ಪಂಢರಪುರ ಹಾಗೂ ವಾರಾಣಸಿಗಳಲ್ಲಿ ಕರ್ನಾಟಕದ ಯಾತ್ರಿಕರಿಗಾಗಿ ಛತ್ರಗಳಿವೆ. ಹೋಗುವ ಮೊದಲೇ ವಿಚಾರಿಸಿ ಕಾಯ್ದಿರಿಸಿಕೊಳ್ಳುವುದು ಅಗತ್ಯ.

ಎರಡನೆಯ ಆಯ್ಕೆ ರೈಲ್ವೆ ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳು. ದೊಡ್ಡ ನಿಲ್ದಾಣಗಳಲ್ಲಿ ಕೊಠಡಿಗಳ ಜೊತೆಗೆ ಹಾಸಿಗೆಯ ಲೆಕ್ಕದಲ್ಲಿ ದೊರೆಯುವ ಸಾಮೂಹಿಕ ವಸತಿಯೂ ಇದ್ದು, ದೃಢೀಕೃತ ಟಿಕೆಟ್ ಇರುವವರು ಐ.ಆರ್.ಸಿ.ಟಿ.ಸಿ. ಮೂಲಕ ಕಾಯ್ದಿರಿಸಬಹುದು. ಬೆಳಿಗ್ಗೆ ಇಳಿದು ರಾತ್ರಿ ಮತ್ತೊಂದು ರೈಲು ಹಿಡಿಯುವವರು ಸಾಮಾನುಗಳನ್ನು ನಿಲ್ದಾಣದ ಲಗೇಜು ಕೊಠಡಿಯಲ್ಲಿಟ್ಟು ಊರು ನೋಡಿ ಬರಬಹುದು. ಕೊಠಡಿಯ ಅಗತ್ಯವೇ ಬೀಳುವುದಿಲ್ಲ.

ಮೂರನೆಯದಾಗಿ, ಮೈಸೂರು, ಹಾಸನ ಮೊದಲಾದೆಡೆ ಇರುವ ಯುವ ವಸತಿ ನಿಲಯಗಳು ವಿದ್ಯಾರ್ಥಿಗಳ ಮತ್ತು ಯುವಜನರ ಗುಂಪುಗಳಿಗೆ ಅನುಕೂಲಕರ.

ಎಚ್ಚರಿಕೆ: ಪ್ರಸಿದ್ಧ ಕ್ಷೇತ್ರಗಳ ವಸತಿ ಗೃಹಗಳ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ಸೃಷ್ಟಿಸಿ ಮುಂಗಡ ಹಣ ಪಡೆದು ವಂಚಿಸುವ ಪ್ರಕರಣಗಳು ನಡೆಯುತ್ತಿವೆ. ಖಾಸಗಿ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಹಣ ಕಳುಹಿಸುವಂತೆ ಕೇಳಿದಲ್ಲಿ ಕಳುಹಿಸಬಾರದು. ವಂಚನೆಗೆ ಒಳಗಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

8. ಊಟೋಪಚಾರ

ಮೊದಲ ದಿನದ ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ನಮ್ಮ ಭಾಗದ ಹಳೆಯ ಪದ್ಧತಿ ಹಾಗೂ ಇಂದಿಗೂ ಅತ್ಯುತ್ತಮ ಪದ್ಧತಿ. ಪುಳಿಯೋಗರೆ, ರೊಟ್ಟಿ, ಚಟ್ನಿಪುಡಿ ಒಂದು ದಿನಕ್ಕೆ. ಚಕ್ಕುಲಿ, ಕೋಡುಬಳೆ, ಹುರಿಗಾಳು, ಅವಲಕ್ಕಿ, ರಾಗಿ ಹುರಿಹಿಟ್ಟು ಹಲವು ದಿನಗಳಿಗೆ ಆಗುತ್ತವೆ. ತೆಂಗಿನಕಾಯಿ ಹಾಕಿದ ಹಸಿ ಚಟ್ನಿ ಬೇಗ ಕೆಡುವುದರಿಂದ ಅದನ್ನು ಒಯ್ಯದಿರುವುದು ಲೇಸು.

ಧರ್ಮಸ್ಥಳ, ಶೃಂಗೇರಿ, ಹೊರನಾಡು, ಉಡುಪಿ, ಆದಿಚುಂಚನಗಿರಿ, ಮಲೆ ಮಹದೇಶ್ವರ ಬೆಟ್ಟ ಮೊದಲಾದ ಕ್ಷೇತ್ರಗಳಲ್ಲಿ ಭಕ್ತಾದಿಗಳಿಗೆ ಉಚಿತ ದಾಸೋಹದ ವ್ಯವಸ್ಥೆ ಇದೆ. ನಗರಗಳ ಇಂದಿರಾ ಕ್ಯಾಂಟೀನ್‌ಗಳಲ್ಲಿ ಬೆಳಗಿನ ಉಪಾಹಾರ ರೂ. 5ಕ್ಕೆ, ಊಟ ರೂ. 10ಕ್ಕೆ ದೊರೆಯುತ್ತದೆ. ರೈಲ್ವೆಯು 2023ರಿಂದ ಹಲವು ನಿಲ್ದಾಣಗಳಲ್ಲಿ ಸಾಮಾನ್ಯ ಬೋಗಿಗಳು ನಿಲ್ಲುವ ಕಡೆಯೇ ರೂ. 20ರ ಮಿತದರದ ಊಟದ ಮಳಿಗೆಗಳನ್ನು ತೆರೆದಿದೆ. ಒಂದು ಲೀಟರ್ ರೈಲ್ ನೀರ್ ಬಾಟಲಿಯ ದರವನ್ನು 2025ರ ಸೆಪ್ಟೆಂಬರ್ 22ರಿಂದ ರೂ. 14ಕ್ಕೆ ಇಳಿಸಲಾಗಿದೆ, ಮುದ್ರಿತ ದರಕ್ಕಿಂತ ಹೆಚ್ಚು ಕೇಳಿದಲ್ಲಿ 139 ಸಂಖ್ಯೆಗೆ ದೂರು ನೀಡಬಹುದು.

ಮದ್ದೂರು ವಡೆಯ ಹೆಸರನ್ನು ಇಲ್ಲಿ ಹೇಳದಿದ್ದರೆ ಮಾಹಿತಿ ಅಪೂರ್ಣವಾದೀತು. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನಿಂದ ಮಾಡುವ ಈ ತಿನಿಸು ಮದ್ದೂರು ರೈಲು ನಿಲ್ದಾಣದಿಂದಲೇ ಹೆಸರಾದದ್ದು. ಆರಿದ ಮೇಲೂ ರುಚಿ ಕೆಡದ ಕಾರಣ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿದೆ.

9. ಹತ್ತಿರದಿಂದ ಆರಂಭಿಸುವುದು: ಒಂದು ದಿನದ ಪ್ರವಾಸಗಳು

ದೂರದ ಪ್ರವಾಸಕ್ಕೆ ಮುನ್ನ ಕುಟುಂಬ ಸಮೇತ ಒಂದು ದಿನದ ಪ್ರವಾಸ ಮಾಡಿ ಖರ್ಚು ಬರೆದು ನೋಡಿದಲ್ಲಿ ಮುಂದಿನ ಅಂದಾಜಿಗೆ ಅದು ಆಧಾರವಾಗುತ್ತದೆ. ವಸತಿಯ ಖರ್ಚಿಲ್ಲದ ಇಂತಹ ಕೆಲವು ಪ್ರವಾಸಗಳನ್ನು ಇಲ್ಲಿ ಸೂಚಿಸಲಾಗಿದೆ.

ಮದ್ದೂರು ತಾಲ್ಲೂಕು: ಪಟ್ಟಣದ ಉಗ್ರ ನರಸಿಂಹಸ್ವಾಮಿ ದೇವಾಲಯ ಮತ್ತು ಶಿಂಷಾ ನದಿ ದಂಡೆಯ ವೈದ್ಯನಾಥಪುರ; 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರದ ಸತ್ಯಾಗ್ರಹ ಸೌಧ; ಕೊಕ್ಕರೆ ಬೆಳ್ಳೂರು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಗ್ರಾಮಸ್ಥರೇ ಈ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದು, 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಜನವರಿಯಿಂದ ಮೇ ತಿಂಗಳವರೆಗೆ ಭೇಟಿಗೆ ಸೂಕ್ತ ಕಾಲ. ಬಸ್ಸುಗಳು ವಿರಳವಾದ್ದರಿಂದ ಹಿಂದಿರುಗುವ ಬಸ್ಸಿನ ಸಮಯವನ್ನು ಮದ್ದೂರು ನಿಲ್ದಾಣದಲ್ಲಿಯೇ ಕೇಳಿಕೊಂಡು ಹೊರಡಬೇಕು.

ಮಳವಳ್ಳಿ ತಾಲ್ಲೂಕು: ಮಾರೇಹಳ್ಳಿಯ ಲಕ್ಷ್ಮೀನರಸಿಂಹಸ್ವಾಮಿ ದೇವಾಲಯ ಮತ್ತು ಶಿವನಸಮುದ್ರದ ಗಗನಚುಕ್ಕಿ ಜಲಪಾತ. ಇಲ್ಲಿನ ಜಲವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಲಾಯಿತು. ಮುಂಗಾರಿನಲ್ಲಿ ಕಾವೇರಿ ತುಂಬಿ ಹರಿಯುವಾಗ ಮಾತ್ರ ಜಲಪಾತಕ್ಕೆ ಪೂರ್ಣ ವೈಭವ. ಬೇಸಿಗೆಯಲ್ಲಿ ಹೋದವರು ನಿರಾಶರಾಗುವುದುಂಟು. ಮಳವಳ್ಳಿಯಿಂದ ಬನ್ನೂರು ಮಾರ್ಗವಾಗಿ ಸೋಮನಾಥಪುರದ ಕೇಶವ ದೇವಾಲಯಕ್ಕೂ ಹೋಗಿಬರಬಹುದು. ಬೇಲೂರು, ಹಳೇಬೀಡುಗಳೊಂದಿಗೆ ಈ ಹೊಯ್ಸಳ ದೇವಾಲಯವು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಮಂಡ್ಯ ತಾಲ್ಲೂಕು: ಬಸರಾಳಿನ ಮಲ್ಲಿಕಾರ್ಜುನ ದೇವಾಲಯವು 13ನೆಯ ಶತಮಾನದ ಹೊಯ್ಸಳ ಶಿಲ್ಪಕ್ಕೆ ಉತ್ತಮ ನಿದರ್ಶನ. ಮಂಡ್ಯದಿಂದ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಲ್ಲಿ ನಿಲ್ದಾಣದಿಂದ ರಂಗನಾಥಸ್ವಾಮಿ ದೇವಾಲಯಕ್ಕೆ ನಡೆದೇ ಹೋಗಬಹುದು. ದರಿಯಾ ದೌಲತ್, ಗುಂಬಜ್ ಹಾಗೂ ಸಂಗಮಗಳನ್ನು ಒಂದೇ ದಿನದಲ್ಲಿ ನೋಡಬಹುದು.

ಮುತ್ತತ್ತಿ, ಸಂಗಮ, ಬಲಮುರಿ ಮುಂತಾದ ನದಿ ತೀರಗಳಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಅನೇಕರು. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಕಾವೇರಿಯಲ್ಲಿ ಸುಳಿ ಮತ್ತು ಆಳದ ಮಡುವುಗಳಿವೆ. ಈಜು ಬಲ್ಲವರೂ ಸೇರಿದಂತೆ ಯಾರೂ ನಿಷೇಧಿತ ಸ್ಥಳಗಳಲ್ಲಿ ನೀರಿಗಿಳಿಯಬಾರದು ಹಾಗೂ ಮಕ್ಕಳ ಕೈ ಬಿಡಬಾರದು.

10. ದೂರದ ಯಾತ್ರೆ

ಕಾಶಿಯಾತ್ರೆ ನಮ್ಮ ಹಿರಿಯರ ಬಹುಕಾಲದ ಅಪೇಕ್ಷೆ. ಮೈಸೂರಿನಿಂದ ವಾರಾಣಸಿಗೆ ನೇರ ಎಕ್ಸ್‌ಪ್ರೆಸ್ ರೈಲಿದೆ. ಇದಲ್ಲದೆ ರಾಜ್ಯ ಸರ್ಕಾರದ ಸಹಾಯಧನದೊಂದಿಗೆ ಸಂಚರಿಸುವ ಕರ್ನಾಟಕ ಭಾರತ್ ಗೌರವ್ ಕಾಶಿ ದರ್ಶನ ರೈಲಿಗೆ 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಆರಂಭದಲ್ಲಿ 8 ದಿನಗಳ ಈ ಯಾತ್ರೆಯ ದರ ರೂ. 20,000 ಇದ್ದು, ಅದರಲ್ಲಿ ರೂ. 5,000 ಸಹಾಯಧನವಾಗಿತ್ತು. ಊಟ, ವಸತಿ, ಸ್ಥಳೀಯ ಪ್ರಯಾಣ ಎಲ್ಲವೂ ಸೇರಿರುವುದರಿಂದ ಒಂಟಿಯಾಗಿ ಹೋಗುವ ಹಿರಿಯರಿಗೆ ಇದು ಸುರಕ್ಷಿತ. ಈಗಿನ ದರ, ಸಹಾಯಧನ ಮತ್ತು ದಿನಾಂಕಗಳನ್ನು ಮುಜರಾಯಿ ಇಲಾಖೆ ಅಥವಾ ಐ.ಆರ್.ಸಿ.ಟಿ.ಸಿ. ಕಚೇರಿಯಿಂದಲೇ ತಿಳಿಯತಕ್ಕದ್ದು, ಮಧ್ಯವರ್ತಿಗಳಿಗೆ ಹಣ ನೀಡಬಾರದು. ದಕ್ಷಿಣದ ಕಡೆಗೆ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್‌ನಲ್ಲಿ ಮಧುರೆಗೆ ನೇರವಾಗಿ ಹೋಗಬಹುದು.

11. ಹೊರಡುವ ಮುನ್ನ

• ಆಧಾರ್ ಅಥವಾ ಮತದಾರರ ಗುರುತಿನ ಚೀಟಿ, ಆಯುಷ್ಮಾನ್ ಕಾರ್ಡು ಹಾಗೂ ನಿತ್ಯ ಸೇವಿಸುವ ಔಷಧಿಗಳನ್ನು ಜೊತೆಯಲ್ಲಿಡಬೇಕು. ಔಷಧಿ ಎರಡು ದಿನಕ್ಕೆ ಹೆಚ್ಚಿಗೆ ಇರಲಿ.
• ಹಣವನ್ನು ಒಬ್ಬರ ಬಳಿಯೇ ಇಡದೆ ಇಬ್ಬರಲ್ಲಿ ಹಂಚಿಡಬೇಕು. ಮೊಬೈಲ್ ಪಾವತಿಯನ್ನೇ ನಂಬದೆ ಸ್ವಲ್ಪ ನಗದು ಇರಬೇಕು.
• ಆನ್‌ಲೈನ್ ರೈಲು ಟಿಕೆಟ್ ಪಡೆಯುವಾಗ ತಲಾ 45 ಪೈಸೆಯ ಐಚ್ಛಿಕ ಪ್ರಯಾಣ ವಿಮೆಯನ್ನು ಆರಿಸಿಕೊಂಡು, ನಾಮನಿರ್ದೇಶಿತರ ಹೆಸರನ್ನು ತಪ್ಪದೆ ನಮೂದಿಸಬೇಕು.
• ಮಕ್ಕಳ ಮತ್ತು ವೃದ್ಧರ ಜೇಬಿನಲ್ಲಿ ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿ ಇಡಬೇಕು.
• ರಾಸುಗಳ ಮೇವು, ನೀರು ಹಾಗೂ ಡೈರಿಗೆ ಹಾಲು ಹಾಕುವ ಜವಾಬ್ದಾರಿಯನ್ನು ನಂಬಿಕಸ್ಥರಿಗೆ ವಹಿಸಿ, ಅವರಿಗೆ ಕೊಡಬೇಕಾದ ಕೂಲಿಯನ್ನೂ ಪ್ರವಾಸದ ಖರ್ಚಿನಲ್ಲಿಯೇ ಸೇರಿಸಿಕೊಳ್ಳಬೇಕು.
• ತುರ್ತು ಸಂದರ್ಭದಲ್ಲಿ 112, ರೈಲಿನಲ್ಲಿ 139 ಸಂಖ್ಯೆಗಳನ್ನು ಸಂಪರ್ಕಿಸಬೇಕು.

ಉಪಸಂಹಾರ

ಮಿತವ್ಯಯವೆಂದರೆ ಜಿಪುಣತನವಲ್ಲ. ಅನಗತ್ಯವಾದುದಕ್ಕೆ ತೆರುವ ಹಣವನ್ನು ಅಗತ್ಯವಾದುದಕ್ಕೆ ಉಳಿಸಿಕೊಳ್ಳುವುದೇ ಮಿತವ್ಯಯ. ವಯಸ್ಸಾದವರ ಮೊಣಕಾಲು ನೋಯುವಾಗ ಆಟೋ ಹಿಡಿಯುವುದು ದುಂದಲ್ಲ. ಐವರು ತಿನ್ನುವ ಬುತ್ತಿ ಚೀಲದಲ್ಲಿದ್ದೂ ಹೋಟೆಲಿಗೆ ಹೋಗುವುದು ದುಂದು. ಪ್ರತಿ ದಿನ ಮಲಗುವ ಮುನ್ನ ಅಂದಿನ ಖರ್ಚನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟಲ್ಲಿ ಮುಂದಿನ ಯಾತ್ರೆಗೆ ಅದಕ್ಕಿಂತ ಉತ್ತಮ ಮಾರ್ಗದರ್ಶಿ ಬೇರೊಂದಿಲ್ಲ. ಮಕ್ಕಳಿಂದಲೇ ಈ ಲೆಕ್ಕ ಬರೆಸಿದಲ್ಲಿ ಅವರಿಗೆ ದೇಶದ ಪರಿಚಯದೊಂದಿಗೆ ಹಣದ ಬೆಲೆಯೂ ತಿಳಿಯುತ್ತದೆ.

ದರಗಳು, ರಿಯಾಯಿತಿಗಳು ಹಾಗೂ ವೇಳಾಪಟ್ಟಿಗಳು ಕಾಲಕಾಲಕ್ಕೆ ಬದಲಾವಣೆಗೆ ಒಳಪಟ್ಟಿರುತ್ತವೆ. ಪ್ರಯಾಣಕ್ಕೆ ಮುನ್ನ ಸಂಬಂಧಪಟ್ಟ ಬಸ್ ನಿಲ್ದಾಣ, ರೈಲು ನಿಲ್ದಾಣ ಅಥವಾ ಕಚೇರಿಯಲ್ಲಿ ಖಚಿತಪಡಿಸಿಕೊಂಡು, ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.